ಬೊಕ್ಕ?

ನನಗೆ ಓದು ಬಾರದೆಂದು
ಮೊನ್ನೆ ನೀನು ನಾಲ್ಕು ಸಾಲು ಹಾರಿಸಿದೆ, ಮೋಕ್ಷಿತ್.

ಏಡಿ ಚಪ್ಪಲಿ ಅಂಗಡಿಗೆ ಹೋಗಿತ್ತು.
ಮರುಗಳಿಗೆ ಮನೆಯಲ್ಲಿ ಮಗ್ಗುಲಾಗಿ ಮಲಗಿತ್ತು.
ಎಷ್ಟು ಜೋಡಿ ಕೊಂಡಿತು? ದುಡ್ಡು ಕೊಟ್ಟವರಾರು?
ಅಷ್ಟೊಂದು ಕಾಲು ನೋಡಿ
ಅಂಗಡಿಯವನು ಏನೂ ಅನ್ನಲಿಲ್ಲವೆ?

ಕಣ್ಣು ಮುಚ್ಚಿಯೂ ಹೇಳಬಲ್ಲೆ ನಾನು
ಹುಡಿ ಕಡಿಮೆ ಬಿದ್ದ ಬೀಡಿ ಯಾವುದೆಂದು.
ಬೆರಳ ಸಂದಿನಲ್ಲಿ ಹೊರಳಿಸಿದರೆ
ನಟ್ಟನಡುವೆ ಮೆತ್ತಗಾಗುತ್ತದೆ.
ಚಪ್ಪಲಿ ಅಂಗಡಿಯ ಹತ್ತಿರ
ನಿನ್ನ ದನಿಯೂ ಹಾಗೆಯೇ ಆಯಿತು.

ಮೀಟಿಂಗಿನ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ,
ಸಹಿಯ ಪುಸ್ತಕ ನನ್ನತನಕ ಬರುವ ಮೊದಲೇ
ಎದ್ದು ಹೋಗುವ ಲೆಕ್ಕ ಹಾಕಿಕೊಂಡು.
ಫ್ಲೋರಿನ್ ಟೀಚರ್ ಬಾಗಿಲಲ್ಲೇ ಹಿಡಿದರು.
“ಅಕ್ಷರ ಬರಬೇಕೆಂದಿಲ್ಲ ಚಂಚಲಾಕ್ಷಿ, ಕಿವಿ ಇದೆಯಲ್ಲ?
ದಿನಕ್ಕೆ ಹತ್ತು ನಿಮಿಷ ಕೊಡಿ.
ಅವನು ನಿಲ್ಲಿಸಿದಲ್ಲಿ ‘ಆಮೇಲೆ?’ ಎಂದು ಕೇಳಿ. ಸಾಕು.”

ಹತ್ತು ನಿಮಿಷವೆಂದರೆ ಹದಿನೈದು ಬೀಡಿ.
ಮೊದಮೊದಲು ಸುರುಟುತ್ತಲೇ ಕೇಳಿದೆ.
ನೀನು ಕತ್ತರಿ ಕಸಿದುಕೊಂಡು
“ಎಲೆ ನೋಡಬೇಡ, ನನ್ನನ್ನು ನೋಡು” ಅಂದೆ.
ಬಂದ್ಯೋಡಿನ ಬ್ರಾಂಚಿನಲ್ಲಿ
ಲೆಕ್ಕ ಕಡಿಮೆ ಬಂದದ್ದು ಯಾಕೆಂದು ಕೇಳಿದರು.
ಜ್ವರ ಇತ್ತು ಮಾರಾಯರೇ, ಅಂದೆ.
ಸುಳ್ಳು. ಏಡಿ ಇತ್ತು.

ಒಂದನೇ ಕ್ಲಾಸಿನಲ್ಲಿ ಚಿತ್ರ ನೋಡಿ
ನೀನು “ಪುಚ್ಚೆ” ಅಂದೆಯಂತೆ. ಎಲ್ಲ ನಕ್ಕರಂತೆ.
ಮತ್ತೆ ಮೂರು ತಿಂಗಳು ಬಾಯಿಗೆ ಬೀಗ.
ಅನ್ನ ಬೇಕಾದರೂ ಬೆರಳು ತೋರಿಸುತ್ತಿದ್ದೆ,
ಮಾತಿಗೆ ದುಡ್ಡು ಬೀಳುತ್ತದೋ ಎಂಬ ಹಾಗೆ.
ಟೀಚರ್ ಬೋರ್ಡಿನಲ್ಲಿ ಒಂದು ಬೆಕ್ಕು ಬರೆದು
ಬಾಲದ ಸುತ್ತ ಮನೆಮನೆಯ ಹೆಸರು ಬರೆಸಿದರು:
ನಿನ್ನ ಪುಚ್ಚೆ, ಶಮ್ನಾಳ ಪೂಚ,
ತಮ್ಮ ಮನೆಯ ಮಾಜರ್.
ಶಾಲೆಯ ಬೆಕ್ಕು ಮಾತ್ರ ಯಾವ ಹೆಸರಿಗೂ ತಿರುಗಲಿಲ್ಲ,
ಬಂಗುಡೆಯ ವಾಸನೆಗಷ್ಟೇ ಬಂತು.
ಆ ಸಂಜೆ ಜಗಲಿ ಹತ್ತುತ್ತ ನೀನು ಹೇಳಿದ,
ಎಷ್ಟೋ ದಿನದ ಮೇಲಿನ ಉದ್ದದ ಮಾತು ಅದೇ.

‘ಆಮೇಲೆ’ ನನ್ನ ನಾಲಿಗೆಗೆ ಕೊಂಚ ದೂರ.
ನಮ್ಮ ತುಳುವಿನದು “ಬೊಕ್ಕ?”
ಕನ್ನಡದಲ್ಲಿ ಬೊಕ್ಕ ಅಂದರೆ ಹಲ್ಲಿಲ್ಲದ್ದೆಂದು
ನಗುತ್ತೀ ನೀನು.
ಹೌದಲ್ಲ, ಮುಂದಿನೆರಡು ಹಾಲುಹಲ್ಲು ಬಿದ್ದ ಕಿಂಡಿಯಲ್ಲಿ
ನಿನ್ನ ‘ಸ’ ಸೀಟಿ ಹಾಕಿಕೊಂಡು ಹಾರುತ್ತದೆ.
ಬೊಕ್ಕಬಾಯಿಯವನೇ, ಬೊಕ್ಕ?

ಇವತ್ತು ಏಡಿ ಇಲ್ಲ.
ಅಮ್ಮನ ಬಾಯಿಂದ ಕೇಳಿದ್ದನ್ನು
ಬರೆದು ತರಬೇಕಂತೆ ಶಾಲೆಗೆ.
ನಿನ್ನೆ ಎಲೆ ನೆನೆಹಾಕುತ್ತ ಹೇಳಿದ್ದೆ,
ನನ್ನ ತುಳುವನ್ನು ನಿನ್ನ ಕನ್ನಡ ಅಕ್ಷರದಲ್ಲಿ
ಹಿಡಿದಿಟ್ಟುಕೊಂಡಿದ್ದೆ ನೀನು.
ಈಗ ಓದುತ್ತೀ:

ಅಮ್ಮನಿಗೆ ಆರು ವರ್ಷ.
ಶಾಲೆಗೆಂದು ನೀಲಿ ಬಟ್ಟೆಯ ಚೀಲ ಹೊಲಿಸಿದ್ದರು.
ಸೋಮವಾರ ಬೆಳಿಗ್ಗೆ ಅಜ್ಜಿ ಮೊರವನ್ನು ಮಡಿಲಲ್ಲಿಟ್ಟು
ನೂಲು ಸುತ್ತು ಅಂದರು.
ಚೀಲ ಬೀಡಿ ಎಲೆ ತುಂಬಲಿಕ್ಕೆ ಆಯಿತು.

ನೂಲಿಗೂ ಚೀಲಕ್ಕೂ ನಡುವೆ
ಮೆತ್ತಗಾಯಿತು ನಿನ್ನ ದನಿ.
ನನಗೆ ತಿಳಿಯುವುದಿಲ್ಲವೆ?
“ಹಾರಿಸಬೇಡ ಮಗಾ” ಅಂದೆ.

ನೀನು ಪುಸ್ತಕ ತಿರುಗಿಸಿ ತೋರಿಸಿದೆ, ಓದು ಬಾರದ ನನಗೆ:
ಎರಡು ಸಾಲಿನ ಮಧ್ಯೆ
ಏನೂ ಬರೆಯದ ಒಂದು ಸಾಲು.
“ಹಾರಿಸಲಿಲ್ಲಮ್ಮ.
ಇಲ್ಲಿ ನೀನು ಮಾತು ನಿಲ್ಲಿಸಿದ್ದೆ.”